ಎಣ್ಣೆ ಹಾಕಿದ ಕೈ

ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಆ ಮೆಕ್ಯಾನಿಕ್ಕನನ್ನು ಬೀದಿಯವರೆಲ್ಲ ಕಿವಿಯಣ್ಣ ಎನ್ನುತ್ತಿದ್ದರು. ಕಿವಿಯೇನೋ ಚುರುಕು, ನಿಜ. ಮನುಷ್ಯರ ಮಾತಿಗೆ ಮಾತ್ರ ಅದು ಕಿವುಡು!

ಹದಿನಾರು ವರ್ಷದ ಹಿಂದೆ ಅವನೂ ಅವನ ತಮ್ಮನೂ ಸೇರಿ ಒಂದು ಹಳೇ ಕಾರಿನ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿದ್ದರು. ಎಂಜಿನ್ನಿನೊಳಗೆ ತಿರುಗುವ ಟೈಮಿಂಗ್ ಚೈನನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸುವುದು ತಮ್ಮನ ಕೆಲಸ. ಎಣ್ಣೆ ಸೋರದಂತೆ ಅದರ ಮುಚ್ಚಳಕ್ಕೆ ಪೇಸ್ಟ್ ಬಳಿದು ಬಿಗಿಯುವುದು ಅಣ್ಣನದು. ಅದನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಂಟೇ ದಿನಕ್ಕೆ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮುಚ್ಚಳ ತೆಗೆದರೆ ಚೈನು ತುಂಡಾಗಿ ಬಿದ್ದಿದೆ, ಒಂದು ಹನಿ ಎಣ್ಣೆಯಿಲ್ಲ.

"ಒಣ ಚೈನೇ ಕೂರಿಸಿದ್ದೀಯಲ್ಲೋ!" ಅಣ್ಣ ಗಿರಾಕಿಗಳ ಎದುರೇ ಹಾರಾಡಿದ.

"ಎಣ್ಣೆ ಹಾಕಿದ್ದೆ ಅಣ್ಣ."

"ಬಾಯ್ಮುಚ್ಚು!"

ತಮ್ಮ ಬಾಯಿ ಮುಚ್ಚಿದ. ಮಾರನೆಯ ದಿನದಿಂದ ವರ್ಕ್‌ಶಾಪಿಗೆ ಬರಲಿಲ್ಲ. ಯಾವುದೋ ಗೋದಾಮಿನ ಕಾವಲಿಗೆ ಸೇರಿದ. ಎದುರಾದರೆ "ಚೆನ್ನಾಗಿದ್ದೀಯಾ" ಎನ್ನುವಷ್ಟೇ ಮಾತು ಉಳಿಯಿತು. ಕಾರಿನ ಯಜಮಾನ ಮುನಿಸಿಕೊಂಡು ಗಾಡಿಯನ್ನು ಹಾಗೇ ಒಯ್ದು ಶೆಡ್ಡಿಗೆ ತಳ್ಳಿದ.

ಈ ವರ್ಷ ಯಜಮಾನನ ಮಗಳು ಅದೇ ಕಾರನ್ನು ರಿಪೇರಿಗೆ ತಂದಳು. ಕಿವಿಯಣ್ಣ ಮತ್ತೆ ಆ ಮುಚ್ಚಳ ಬಿಚ್ಚಿದ. ಚೈನಿಗೆ ಎಣ್ಣೆ ಚಿಮ್ಮುವ ತೂತು ಸೂಜಿ ತೂರುವಷ್ಟೇ ದೊಡ್ಡದು. ತಂತಿ ಹಾಕಿದರೆ ಹೋಗುತ್ತಿಲ್ಲ. ಕೆದಕಿದಾಗ ಗಟ್ಟಿಯಾದ ಪೇಸ್ಟಿನ ಉಂಡೆಯೊಂದು ಕಳಚಿ ಬಂತು. ಧಾರಾಳವಾಗಿ ಬಳಿದ ಪೇಸ್ಟು, ಮುಚ್ಚಳ ಬಿಗಿದಾಗ ಒಳಕ್ಕೆ ನುಗ್ಗಿ ತೂತನ್ನೇ ಮುಚ್ಚಿತ್ತು. ತಮ್ಮ ಹಾಕಿದ ಎಣ್ಣೆ ಆರಿದ ಮೇಲೆ ಚೈನಿಗೆ ಹೊಸ ಎಣ್ಣೆ ಬಂದೇ ಇರಲಿಲ್ಲ. ಬಳಿದವನು ಯಾರು? ಇನ್ಯಾರು! ಅಯ್ಯೋ, ಒಂದು ತಂತಿ ಹಾಕಿ ನೋಡುವಷ್ಟು ತಾಳ್ಮೆ ಅವತ್ತು ಇದ್ದಿದ್ದರೆ! ಉಂಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ತಮ್ಮನ ಮನೆಗೆ ನಡೆದ.

"ತಪ್ಪು ನಂದು ಕಣೋ," ಎಂದು ಬಾಗಿಲಲ್ಲೇ ಹೇಳಿ, ನಡೆದದ್ದನ್ನೆಲ್ಲ ಒಪ್ಪಿಸಿದ.

ತಮ್ಮ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬೈಯಲಿ, ಬೇಕಾದರೆ ಎರಡು ಬಾರಿಸಲಿ ಎಂದು ಅಣ್ಣ ಕಾದ.

"ಹಾಗಾದ್ರೆ ನಾನು ಎಣ್ಣೆ ಹಾಕಿದ್ದೆನಾ?" ಎಂದ ತಮ್ಮ. "ನೀನು ಹೇಳಿದ್ಮೇಲೆ ನಾನೇ ಮರ್ತಿರ್ಬೇಕು ಅಂದ್ಕೊಂಡಿದ್ದೆ ಅಣ್ಣ."

"ಅದಕ್ಕೇ ನೋಡಿ ಬಾವ," ತಮ್ಮನ ಹೆಂಡತಿ ಒಳಗಿನಿಂದ ಬಂದಳು. "ಬೀಗಾನ ನಾಲ್ಕು ಸಲ ಎಳೆದು ನೋಡ್ತಾರೆ. ಆದ್ರೂ ಹಾಕಿದ್ನೋ ಇಲ್ವೋ ಅಂತ ಅರ್ಧ ದಾರಿಯಿಂದ ವಾಪಸ್ ಬರ್ತಾರೆ."

"ನಾಳೆ ನನ್ನ ಜೊತೆ ಬಾ," ಎಂದ ಕಿವಿಯಣ್ಣ.

ಮರುದಿನ ಅವನು ತಮ್ಮನನ್ನು ವರ್ಕ್‌ಶಾಪಿಗೆ ಕರೆತಂದು, ಹೊಸ ಚೈನನ್ನೂ ಎಣ್ಣೆಯ ಬಟ್ಟಲನ್ನೂ ಮುಂದಿಟ್ಟ. ತಮ್ಮ ಮುಳುಗಿಸಿದ, ಎತ್ತಿದ, ಕೂರಿಸಿದ. ಎಣ್ಣೆ ಮೊಣಕೈವರೆಗೂ ಇಳಿಯುತ್ತಿತ್ತು.

"ಹಾಕ್ದೆ ತಾನೆ, ಅಣ್ಣ?"

"ಹಾಕ್ದೆ ಕಣೋ."

"ನೀನೂ ನೋಡ್ದೆ ತಾನೆ?"

"ನೋಡ್ದೆ."

ಅಣ್ಣ ಮುಚ್ಚಳ ಎತ್ತಿಕೊಂಡ. ತಮ್ಮ ಎಣ್ಣೆಗೈಯಲ್ಲೇ ಅವನ ಕೈ ಹಿಡಿದು ತಡೆದ.

"ಇನ್ನೊಂದ್ಸಲ ನೋಡ್ಬಿಡು."