ಹಲೀಮಾಬಿಯ ಮಾತನ್ನು ತಿದ್ದಿದವನು ನಾನು

ಕಮಲಾಬಾಯಿ, ನೀವು ತಪ್ಪು ಬರೆದಿರಲಿಲ್ಲ. ಸುಳ್ಳು ಹೇಳಿದವನು ನಾನು. ಹತ್ತು ಜನರ ಎದುರು ನಿಮ್ಮನ್ನು ಸುಳ್ಳುಗಾತಿ ಮಾಡಿದವನೂ ನಾನೇ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಯ ಕಾಗದಗಳು ಉರ್ದುವಿನಿಂದ ಕನ್ನಡಕ್ಕೆ ಇನ್ನೂ ಹೊರಳುತ್ತಿದ್ದವು. ಯಾರ ನೌಕರಿ ಉಳಿಯುತ್ತದೋ, ಯಾರದು ಹೋಗುತ್ತದೋ ಎಂಬ ಭಯ ಎಲ್ಲರಿಗೂ. ಅಂಥ ದಿನಗಳಲ್ಲಿ ಆ ಕೆಲಸ ಬಂತು — ನಿಜಾಮನ ಆಳ್ವಿಕೆ ಮುಗಿದಾಗಿನ ಗದ್ದಲದಲ್ಲಿ ಹಳ್ಳಿಯವರು ಅನುಭವಿಸಿದ್ದನ್ನು ಅವರ ಬಾಯಿಂದಲೇ ಕೇಳಿ ಬರೆಯುವುದು. ನಾನು ಹೈದರಾಬಾದಿನಲ್ಲಿ ಒಂದಿಷ್ಟು ಕಲಿತು ಬಂದಿದ್ದೆ, ಹಾಗಾಗಿ ಬರೆಯಲು ಬಂದ ಹತ್ತು ಜನರಿಗೆ ಕಲಿಸುವವನಾದೆ. ನೀವು ಭಾಲ್ಕಿಯ ಶಾಲೆಯಲ್ಲಿ ಶಿಕ್ಷಕಿ. ಹೆಂಗಸರ ಮಾತು ಕೇಳಲು ಹೆಂಗಸೇ ಬೇಕೆಂದು ನಾನೇ ಕರೆಸಿದೆ. ಅವರ ಮಾತಿಗೆ ನಿಮ್ಮ ಮಾತು ಸೇರಿಸಬೇಡಿ, ಅವರು ಸುಮ್ಮನಾದರೆ ಸುಮ್ಮನಾದರೆಂದೇ ಬರೆಯಿರಿ — ಮೊದಲ ದಿನವೇ ಹೇಳಿಕೊಟ್ಟೆ. ನೀವು ಅದನ್ನು ನಂಬಿದಿರಿ. ನಾನು —

ಔರಾದ ಕಡೆಯ ಹಳ್ಳಿಯೊಂದರಲ್ಲಿ ಹಲೀಮಾಬಿ ಎಂಬ ವಿಧವೆಯ ಹತ್ತಿರ ಮೂರು ದಿನ ಕೂತಿರಿ. ಎರಡು ದಿನ ಆಕೆ ಜೋಳ ಹಸನು ಮಾಡುತ್ತ ಬರೀ ಹೊಲದ, ಆಡಿನ ಮಾತಾಡಿದಳಂತೆ. ಮೂರನೆಯ ದಿನ ಗಂಡನ ಸುದ್ದಿ ತೆಗೆದಳು. ಅವನನ್ನು ಎಳೆದೊಯ್ದ ಗುಂಪಿಗೆ ಮನೆ ತೋರಿಸಿದವನು ಯಾರೆಂದು ಹೇಳಿದಳು. ನೀವು ಹಾಗೇ ಬರೆದು ತಂದಿರಿ.

ಅದು ನನ್ನ ಸೋದರಮಾವನ ಹೆಸರು. ತಂದೆಯಿಲ್ಲದ ನನ್ನನ್ನು ಸಾಕಿ ಓದಿಸಿದವನು. ನಿಮಗೆ ಗೊತ್ತಿರಲಿಲ್ಲ.

ಮರುದಿನ ಎಲ್ಲರ ಮುಂದೆ ನಿಮ್ಮ ಹಾಳೆಯನ್ನು ಎತ್ತಿ ಹಿಡಿದೆ. "ಹ್ಯಾಂಗ ಬರೀಬಾರದು ಅನ್ನೋದು ಇಲ್ಲಿ ನೋಡ್ರಿ."

ನೀವು ಎದ್ದು ನಿಂತಿರಿ. "ಇಲ್ರಿ ಸರ. ಆಕಿ ಎರಡು ಸಲ ಹೇಳ್ಯಾಳ್ರಿ. ಬರ್ಕೊ ಬಾಯಿ, ಬಿಡಬ್ಯಾಡ ಅಂದಾಳ್ರಿ."

"ನಿಮ್ಮ ಕಿವಿ ಕೇಳಿಲ್ಲ. ಊರಿನ ಚಾಡಿ ತಂದು ಆಕಿ ಬಾಯಾಗ ಹಾಕೀರಿ."

ಯಾರೋ ನಕ್ಕರು. ನಾನು ಆ ಹೆಸರನ್ನು ಹೊಡೆದುಹಾಕಿ, ಮೇಲೆ 'ಗುರುತಿಲ್ಲದವರು' ಎಂದು ಬರೆದೆ. ನೀವು ನೋಡುತ್ತಲೇ ಇದ್ದಿರಿ. "ನಾಳಿಂದ ನಾ ಬರಂಗಿಲ್ರಿ" ಅಂದಿರಿ. ಅಷ್ಟೇ.

ಇನ್ನೊಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ವರ್ಷದೊಳಗೆ ಹಲೀಮಾಬಿ ನಿಮ್ಮನ್ನು ಹುಡುಕುತ್ತ ಬೀದರಿಗೆ ಬಂದಳು. ಸಿಕ್ಕಿದ್ದು ನಾನು.

"ನಾ ಹೇಳಿದ್ದು ಬರ್ದೀರಲ್ರಿ, ಸಾಹೇಬ್?"

"ಬರ್ದೀವಿ, ಅಮ್ಮಾ."

ಆಕೆ ನನಗೆ ಕೈ ಮುಗಿದಳು — ನನಗೆ.

ಆ ಹಾಳೆಗಳನ್ನೆಲ್ಲ ಸೇರಿಸಿ ಮಾಡಿದ ವರದಿಯಿಂದ ನನಗೆ ದೊಡ್ಡ ನೌಕರಿ ಸಿಕ್ಕಿತು. ನಿವೃತ್ತನಾಗುವವರೆಗೂ ಅದೇ ಪಾಠ ಮಾಡಿದೆ. ಪ್ರತಿ ವರ್ಷ, ಚಾಡಿಯನ್ನೇ ಸತ್ಯವೆಂದು ಬರೆದ ಒಬ್ಬ ಶಿಕ್ಷಕಿಯ ಉದಾಹರಣೆ ಕೊಟ್ಟೆ. ಹೇಳಿ ಹೇಳಿ ನನಗೇ ಅದು ನಿಜವೆನ್ನಿಸತೊಡಗಿತ್ತು. ಮಾವ ಊರಿನ ಹಿರಿಯನಾಗಿ, ಮಕ್ಕಳು ಮೊಮ್ಮಕ್ಕಳ ನಡುವೆ ತೀರಿಕೊಂಡ. ಒಮ್ಮೆಯೂ ಅವನನ್ನು ಕೇಳಲಿಲ್ಲ ನಾನು. ಇಲ್ಲ ಅಂದಿದ್ದರೆ ನಂಬುತ್ತಿರಲಿಲ್ಲ; ಹೌದು ಅಂದಿದ್ದರೆ —

ಹಲೀಮಾಬಿಯೂ ಈಗಿಲ್ಲ. ಈ ಕಾಗದವನ್ನು ಎರಡು ಸಲ ಬರೆದಿದ್ದೇನೆ. ಒಂದು ನಿಮಗೆ. ಇನ್ನೊಂದರಲ್ಲಿ ಮಾವನ ಹೆಸರು, ಊರು ಸಹಿತ ಬರೆದು, ಗ್ರಂಥಾಲಯದಲ್ಲಿರುವ ಆ ವರದಿಯ ಜೊತೆ ಇಡಲು ನಾಳೆ ಕೊಟ್ಟು ಬರುತ್ತೇನೆ. ಮಾವನ ಮಕ್ಕಳು ಇನ್ನು ನನ್ನ ಮುಖ ನೋಡಲಿಕ್ಕಿಲ್ಲ.

ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.