ಗುರುತು ತಪ್ಪಿದ ಔಷಧ

ಎಂಥ ಗಹನ ವಿಷಯವನ್ನೂ ಅಡುಗೆಮನೆಗೆ ಎಳೆದು ತರದಿದ್ದರೆ ನನಗೆ ಪಾಠ ಮಾಡಿದಂತೆಯೇ ಆಗುವುದಿಲ್ಲ. ಕಲಬುರಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವ ನನಗೆ ರೈಬೋಸೋಮ್ ಎಂದರೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳ ಕೈ. ಜೀವಕೋಶದ ಪ್ರೋಟೀನೆಲ್ಲ ಆ ಕೈಯಿಂದಲೇ ಆಗಬೇಕು. ಕೆಲವು ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಆ ಕೈಯನ್ನೇ ಹಿಡಿದುಬಿಡುತ್ತವೆ. ಹಿಟ್ಟಿದೆ, ಒಲೆ ಉರಿಯುತ್ತಿದೆ, ರೊಟ್ಟಿ ಮಾತ್ರ ಆಗುವುದಿಲ್ಲ. ಒಂದೆರಡು ಆದರೂ ತಿನ್ನಲು ಬಾರದವು. ನಮ್ಮ ರೈಬೋಸೋಮಿನ ರಚನೆ ಬೇರೆ, ಆದ್ದರಿಂದ ನಾವು ಪಾರು ಎನ್ನುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಹುಡುಗರು ಹಸಿದು ಕ್ಯಾಂಟೀನಿಗೆ ಓಡುತ್ತಾರೆ.

ಈಚೆಗೆ ಆ ‘ಪಾರು’ ಎಂಬ ಮಾತಿಗೆ ಮೊದಲೇ ಪುಸ್ತಕ ಮುಚ್ಚುತ್ತೇನೆ.

ನನ್ನ ಅಕ್ಕ ಕಮಲಾಪುರದಲ್ಲಿ ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಬಸ್ಸಿನೊಳಗೆ ಯಾರೋ ರೇಟಿನ ಬಗ್ಗೆ ಗೊಣಗಿದರೆ ಕೆಳಗಿನಿಂದಲೇ ಜವಾಬು ಕೊಡುವಂಥ ಕಿವಿ ಅವಳದಾಗಿತ್ತು. ಹೋದ ವರ್ಷ ಮೂತ್ರದ ಸೋಂಕು ರಕ್ತಕ್ಕೇರಿ, ಅವಳನ್ನು ಕಲಬುರಗಿಯ ಆಸ್ಪತ್ರೆಗೆ ತಂದಾಗ ಎಚ್ಚರವಿರಲಿಲ್ಲ. ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದರು.

“ಬ್ಯಾರೆ ಯಾವ ಔಷಧಕ್ಕೂ ಬಗ್ಗವಲ್ದ್ರಿ. ಈ ಇಂಜೆಕ್ಷನ್ ಕೊಟ್ರ ಉಳೀಬಹುದು. ಆದ್ರ ಕಿವಿ ಹೋದ್ರೂ ಹೋಗಬಹುದ್ರಿ.”

ಭಾವ ನನ್ನ ಮುಖ ನೋಡಿದರು. “ನೀ ಓದಿದಾಕಿ. ನೀನೇ ಹೇಳವ್ವ.”

“ಕೊಡ್ರಿ” ಎಂದೆ.

ಅದೂ ಕೈ ಹಿಡಿಯುವ ಜಾತಿಯದೇ ಔಷಧ. ಗಂಟೆಯ ನೆಪದಲ್ಲಿ ನಾನು ಹೇಳದೆ ಬಿಡುತ್ತಿದ್ದ ಮಾತೊಂದಿದೆ. ನಮ್ಮ ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬುದು ಯಾವುದೋ ಕಾಲದಲ್ಲಿ ಒಳಗೆ ಬಂದು ಮನೆಯವರೇ ಆಗಿಹೋದ ಬ್ಯಾಕ್ಟೀರಿಯಾ. ಅದರ ರೈಬೋಸೋಮಿಗೆ ಇನ್ನೂ ತವರಿನ ಹೋಲಿಕೆ ಇದೆ. ಔಷಧ ಗುರುತು ತಪ್ಪಿ ಅದನ್ನೂ ಹಿಡಿಯಬಲ್ಲದು. ಕಿವಿಯೊಳಗೆ ಸದ್ದು ಹಿಡಿಯುವ, ಕೂದಲಿನಂಥ ನವಿರು ಕೋಶಗಳು ಸಾಯುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ.

ಅಕ್ಕ ಉಳಿದಳು. ಕಿವಿ ಎರಡೂ ಹೋದವು. ಈಗ ಚೌಕಾಸಿಗೆ ಬೆರಳು ತೋರಿಸುತ್ತಾಳೆ. ಬಹಳ ಜನ ಬೇಸತ್ತು ಮುಂದಿನ ಅಂಗಡಿಗೆ ಹೋಗುತ್ತಾರೆ.

ಮೊನ್ನೆ ಕಮಲಾಪುರಕ್ಕೆ ಹೋದಾಗ ಬಾಳೆಗೊನೆಗಳ ನಡುವೆ ನನ್ನನ್ನು ಕೂಡಿಸಿಕೊಂಡು, ತನಗೇ ಕೇಳದ ದೊಡ್ಡ ದನಿಯಲ್ಲಿ ಕೇಳಿದಳು: “ಜಡ್ಡು ಮೂತ್ರಕ್ಕ ಬಂದಿತ್ತು, ಕಿವಿ ಯಾಕ ಹೋದವು?”

ಶುರುಮಾಡಿದೆ. ತುಟಿ ಬಿಡಿಸಿ ಬಿಡಿಸಿ ರೈಬೋಸೋಮು, ರೊಟ್ಟಿ, ತವರುಮನೆ ಎಲ್ಲ ಹೇಳಿದೆ. ಅಳು ಬಂದರೂ ಪಾಠ ನಿಲ್ಲಲಿಲ್ಲ. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು.

“ಇಷ್ಟುದ್ದ ಹೇಳ್ಲಾಕತ್ತಿ ಅಂದ್ರ, ಆ ಸೂಜಿಗೆ ಹೂಂ ಅಂದಾಕಿ ನೀನೇ ಇರಬೇಕು,” ಎಂದಳು. “ಚಲೋ ಮಾಡ್ದಿ. ಕಣ್ಣು ಒರಸ್ಕೋ. ಗಿರಾಕಿ ಬಂದಾರ, ಏನಂತಾರ ಕೇಳು.”