ಎಪ್ಪತ್ತು ಪಾಲು ನಿಮ್ಮದು

ವಿಮಲಾಗೆ ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ಜೆ.ಪಿ. ನಗರದ ಆ ಟ್ರಸ್ಟ್ ಆಸ್ಪತ್ರೆಯ ಕೆಳಮಹಡಿಯಲ್ಲಿ, ಔಷಧಿ ಕೌಂಟರಿಗೂ ಲಿಫ್ಟಿಗೂ ನಡುವೆ ಅವಳ ಮೇಜು. ಅದರ ಮೇಲೆ 'ಆರೋಗ್ಯಮಿತ್ರ' ಎಂಬ ಬೋರ್ಡು. ಸರಕಾರದ ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆ ಕೇಳಿಕೊಂಡು ಬಂದವರ ರೇಷನ್ ಕಾರ್ಡು, ಆಧಾರು, ಸರಕಾರಿ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ ಇಷ್ಟನ್ನೂ ನೋಡಿ, ಸರಕಾರ ಎಷ್ಟು ಕೊಡುತ್ತದೆ, ಅವರು ಎಷ್ಟು ಕಟ್ಟಬೇಕು ಎಂದು ಹೇಳುವುದು ಅವಳ ಕೆಲಸ. ಬಿಪಿಎಲ್ ಕಾರ್ಡಿನವರಾದರೆ ಕಷ್ಟವಿರಲಿಲ್ಲ. "ನೀವೇನೂ ಕಟ್ಟೋ ಹಾಗಿಲ್ಲ" ಎಂದರೆ ಕೈಮುಗಿದು ಹೋಗುತ್ತಿದ್ದರು. ಎಪಿಎಲ್ ಕಾರ್ಡಾದರೆ ನೂರರಲ್ಲಿ ಮೂವತ್ತು ಪಾಲು ಸರಕಾರದ್ದು, ಎಪ್ಪತ್ತು ಪಾಲು ರೋಗಿಯದು. ಅದನ್ನು ಹೇಳಿದ ಮರುಗಳಿಗೆ ವಿಮಲಾಗೆ ಎದ್ದು ಓಡಾಡಬೇಕು ಅನಿಸುತ್ತಿತ್ತು. ನೀರು ಕುಡಿಯುವ ನೆಪ, ಜೆರಾಕ್ಸ್ ನೆಪ, ಏನಾದರೊಂದು. ಔಷಧಿ ಕೌಂಟರಿನವರು ಅವಳಿಗೆ 'ಬುಗುರಿ ಮೇಡಂ' ಎಂದೇ ಹೆಸರಿಟ್ಟಿದ್ದರು.

ಅವಳ ಗಂಡ ಶಶಿಧರ್ ಜಯನಗರದ ಒಂದು ಸಹಕಾರ ಬ್ಯಾಂಕಿನಲ್ಲಿ ಗುಮಾಸ್ತ. ದಿನವೂ ಸಂಜೆ ಬನಶಂಕರಿಯ ಬಾಡಿಗೆ ಮನೆಯಲ್ಲಿ ಕಾಫಿ ಕುಡಿಯುತ್ತ ಹೆಂಡತಿಯ ಮುಖ ನೋಡಿ, ಇವತ್ತು ಎಷ್ಟು ಜನ ವಾಪಸು ಹೋದರೆಂದು ಲೆಕ್ಕ ಹಾಕುವಷ್ಟು ಪಳಗಿದ್ದ. "ನಿಂದು ಹೇಳೋ ಕೆಲ್ಸ ಕಣೇ. ರೂಲ್ಸ್ ಮಾಡಿದ್ದು ನೀನಾ?" ಎನ್ನುತ್ತಿದ್ದ. ಅಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಏಳು ವರ್ಷದಿಂದ ಅದನ್ನೇ ತನಗೆ ತಾನು ಹೇಳಿಕೊಂಡಿದ್ದಳು.

ಶ್ರಾವಣದ ಒಂದು ಮಂಗಳವಾರ ನೀಲಗಂಗಮ್ಮ ಬಂದಳು. ಐವತ್ತು ದಾಟಿದ ಹೆಂಗಸು. ಬನಶಂಕರಿಯ ಕುರುಕು ತಿಂಡಿ ಅಂಗಡಿಯೊಂದರಲ್ಲಿ ಹೋಳಿಗೆ ಬೇಯಿಸುತ್ತಾಳೆ, ಇರುವುದು ಜರಗನಹಳ್ಳಿಯಲ್ಲಿ. ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡೇ ನಿಂತಿದ್ದಳು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಎಡ ಮೂತ್ರಪಿಂಡ ಊದಿಕೊಂಡಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ತೆಗೆಯುವ ಯಂತ್ರವಿಲ್ಲವೆಂದು ಇಲ್ಲಿಗೆ ಬರೆದುಕೊಟ್ಟಿದ್ದರು. ಇಲ್ಲಿನ ಡಾಕ್ಟರ್ ಶ್ರೀಕರ್ ನೋಡಿ, ತಿಂಗಳೊಳಗೆ ಕಲ್ಲು ತೆಗೆಯದಿದ್ದರೆ ಆ ಕಿಡ್ನಿ ಕೈಬಿಡಬೇಕಾಗುತ್ತದೆ ಎಂದು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದರು.

ವಿಮಲಾ ಕಾರ್ಡಿನ ನಂಬರು ಹಾಕಿದಳು. ಕೈಯಲ್ಲಿದ್ದ ಕಾರ್ಡು ಬಿಪಿಎಲ್. ಪರದೆಯ ಮೇಲೆ ಬಂದದ್ದು ಎಪಿಎಲ್. ಇನ್ನೊಂದು ಸಲ ಹಾಕಿದಳು. ಅದೇ ಬಂತು.

"ನಿಮ್ ಕಾರ್ಡ್ ಎಪಿಎಲ್‌ಗೆ ಹೋಗಿದೆಯಲ್ಲಾ?"

"ಇಲ್ಲ ಮೇಡಂ, ಇದೇ ಕಾರ್ಡಲ್ವಾ? ಎರಡು ತಿಂಗ್ಳಿಂದ ಅಕ್ಕಿ ಕೊಡ್ತಿಲ್ಲ ಅಷ್ಟೇ. ಸರ್ವರ್ ಇಲ್ಲ ಅಂತ ರೇಷನ್ ಅಂಗಡಿಯೋನು ಹೇಳ್ತಾವ್ನೆ."

ಸರ್ವರಿನದಲ್ಲ ತಾಪತ್ರಯ ಎಂದು ವಿಮಲಾಗೆ ಹೊಳೆಯಿತು. ಕಾರ್ಡು ಬದಲಾದವರು ಆ ವರ್ಷ ಬಹಳ ಮಂದಿ ಬಂದಿದ್ದರು. ಆಪರೇಷನ್ನಿನ ದರ ಮೂವತ್ತಾರು ಸಾವಿರ. ಅವಳು ಹೇಳಿದಳು: "ಎಪ್ಪತ್ತು ಪಾಲು ನಿಮ್ಮದಾಗತ್ತೆ. ಇಪ್ಪತ್ತೈದು ಸಾವಿರದ ಇನ್ನೂರು."

ನೀಲಗಂಗಮ್ಮ ಕೂಗಾಡಲಿಲ್ಲ, ಅಳಲೂ ಇಲ್ಲ. ಕಾಗದಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಸೇರಿಸಿ, "ಆಗ್ಲಿ ಮೇಡಂ, ಹೊಂದಿಸ್ಕೊಂಡು ಬರ್ತೀನಿ" ಎಂದು ಹೊರಟಳು. ಬಾಗಿಲವರೆಗೂ ಆ ಕೈ ಸೊಂಟದ ಮೇಲೆಯೇ ಇತ್ತು.

ಹೀಗೆ ಮೆತ್ತಗೆ ಮಾತಾಡಿ ಹೋದವರು ತಿರುಗಿ ಬರುವುದಿಲ್ಲ. ಜಗಳಕ್ಕೆ ನಿಂತವರು ಮಾರನೆಯ ದಿನ ಯಾರನ್ನೋ ಕರೆದುಕೊಂಡು ಬರುತ್ತಾರೆ, ಕಾರ್ಪೊರೇಟರಿಗೆ ಫೋನು ಮಾಡಿಸುತ್ತಾರೆ. ಮೆತ್ತಗಿನವರು ಮಾಯವಾಗುತ್ತಾರೆ. ವಿಮಲಾ ಅವತ್ತು ಮೂರು ಸಲ ನೀರು ಕುಡಿಯಲು ಎದ್ದಳು. ಗುರುವಾರ ನೀಲಗಂಗಮ್ಮನ ನಂಬರಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಶುಕ್ರವಾರ ಮಾಡಿದಳು, ಶನಿವಾರವೂ ಮಾಡಿದಳು. ಭಾನುವಾರ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸ್ಟವ್ ಆರಿಸಿ, ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?" ಎಂದ ಶಶಿಧರ್.

"ಇಲ್ಲೇ. ಜರಗನಹಳ್ಳಿಗೆ."

"ಎಲ್ಲರ ಮನೆಗೂ ಹೀಗೇ ಹೋಗ್ತೀಯಾ?"

ಕನಕಪುರ ರಸ್ತೆಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದುಕೊಂಡು ನಿಂತೇ ಹೋದಳು.

ವಿಳಾಸದಲ್ಲಿದ್ದದ್ದು ಹಳೆಯ ಊರಿನ ಒಂದು ವಠಾರ. ಕೊನೆಯ ಮನೆಯ ಮುಂದೆ ನೀಲಗಂಗಮ್ಮ ಗ್ಯಾಸ್ ಒಲೆ ಹೊರಗಿಟ್ಟುಕೊಂಡು ಹೋಳಿಗೆ ಬೇಯಿಸುತ್ತಿದ್ದಳು. ಅಂಗಡಿಯವರು ಹಬ್ಬದ ಆರ್ಡರನ್ನು ಮನೆಗೇ ಕೊಟ್ಟಿದ್ದರು. ವಿಮಲಾಳನ್ನು ಕಂಡು ಮೊದಲು ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಮುಖ ಗಂಟಿಕ್ಕಿಕೊಂಡಿತು.

"ಇಲ್ಲೀಗಂಟ ಯಾಕ್ ಬಂದ್ರಿ? ದುಡ್ಡು ಕಟ್ಟು ಅಂತ ಕೇಳಕ್ಕಾ?"

"ಅಯ್ಯೋ, ಅಲ್ಲ. ಫೋನ್ ಸಿಗ್ಲಿಲ್ಲ, ಅದಕ್ಕೆ ಬಂದೆ."

"ಲೋನ್ ಕಂತಿನೋರು ಫೋನ್ ಮಾಡ್ತಾರೆ. ಆಫ್ ಮಾಡಿ ಮಡಗಿದೀನಿ." ಮಗಚುವ ಕೈ ನಿಲ್ಲಿಸದೆಯೇ ಮಾತಾಡಿದಳು. "ನೋವು ಕಮ್ಮಿ ಆಗೈತೆ. ಮೆಡಿಕಲ್ ಸ್ಟೋರ್‌ನೋನು ಮಾತ್ರೆ ಕೊಟ್ಟವ್ನೆ."

ನೀಲಗಂಗಮ್ಮ ಇನ್ನೊಂದು ಕೈಯಲ್ಲಿ ತೋರಿಸಿದ ಮಾತ್ರೆಯ ಹಾಳೆಯನ್ನು ವಿಮಲಾ ನೋಡಿದಳು. ನೋವು ಮರೆಸುವ ಮಾತ್ರೆ, ಮೂತ್ರಪಿಂಡ ಕೆಟ್ಟವರು ಮುಟ್ಟಬಾರದ್ದು. ಅದನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡಳು. ಕಂತು ಎಂಬ ಮಾತು ಮಾತ್ರ ವಿಮಲಾಳ ತಲೆಯಲ್ಲೇ ಕೂತಿತ್ತು.

"ಯಾವ ಲೋನು ನೀಲಗಂಗಮ್ಮ? ಏನೇನು ಕಾಗದ ಕೊಟ್ರಿ?"

ಕತೆ ಸಣ್ಣದು. ಹೂರಣ ರುಬ್ಬಲು ದೊಡ್ಡ ಗ್ರೈಂಡರ್ ಬೇಕಿತ್ತು. ಮೇನ್ ರೋಡಿನಲ್ಲಿ ಸೈಬರ್ ಅಂಗಡಿ ಇಟ್ಟಿರುವ ಮೋಹಿತ್ ಎಂಬುವನು ಸಾಲ ಮಾಡಿಸಿಕೊಟ್ಟಿದ್ದ. ಐನೂರು ರೂಪಾಯಿ ತೆಗೆದುಕೊಂಡು ಆಧಾರು, ಪಾನ್ ಕಾರ್ಡು ಇಸಿದುಕೊಂಡು ಏನೋ ಟೈಪ್ ಮಾಡಿದ್ದ. "ಫೋನಿಗೊಂದು ನಂಬರ್ ಬರತ್ತೆ, ಹೇಳಿ ಆಂಟಿ ಅಂದ. ಬಂತು, ಹೇಳ್ದೆ. ನಾಕೈದು ಸಲ ಬಂತು."

ಇಬ್ಬರೂ ಮೋಹಿತನ ಅಂಗಡಿಗೆ ಹೋದರು. ಅವನು ಮುಚ್ಚಿಡಲೂ ಇಲ್ಲ, ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದ. ಎರಡು ವರ್ಷದ ಆದಾಯ ತೆರಿಗೆ ರಿಟರ್ನು. ವಿ. ನೀಲಗಂಗಮ್ಮ, ಆಹಾರ ಉತ್ಪನ್ನಗಳ ವ್ಯಾಪಾರ, ವರ್ಷದ ಆದಾಯ ನಾಲ್ಕು ಲಕ್ಷದ ಎಂಬತ್ತು ಸಾವಿರ. ಇದನ್ನು ಕಂಡೇ ಆಹಾರ ಇಲಾಖೆಯವರು ಕಾರ್ಡನ್ನು ಎಪಿಎಲ್ ಮಾಡಿದ್ದಾರೆಂದು ವಿಮಲಾಗೆ ಅರ್ಥವಾಯಿತು.

"ಇಷ್ಟು ದುಡ್ಡು ಯಾರು ನೋಡವ್ರೆ!" ಎಂದು ನೀಲಗಂಗಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಆಂಟಿ, ಐಟಿ ತೋರಿಸ್ದೆ ಹೋದ್ರೆ ಲೋನ್ ಕೊಡಲ್ಲ. ಟ್ಯಾಕ್ಸೇನೂ ಬರ್ಲಿಲ್ವಲ್ಲ ನಿಮಗೆ? ಎಲ್ರಿಗೂ ಹಿಂಗೇ ಮಾಡ್ಕೊಡೋದು," ಎಂದ ಮೋಹಿತ್.

"ಎಲ್ರಿಗೂ ಅಂದ್ರೆ ಎಷ್ಟು ಜನಕ್ಕಪ್ಪಾ?" ಎಂದು ವಿಮಲಾ ಕೇಳಿದಳು. ಅವನು ಜೆರಾಕ್ಸಿಗೆ ಬಂದ ಗಿರಾಕಿಯ ಕಡೆ ತಿರುಗಿದ.

ಸೋಮವಾರ ವಿಮಲಾ ಅರ್ಧ ದಿನ ರಜೆ ಹಾಕಿ ನೀಲಗಂಗಮ್ಮನ ಜೊತೆ ಆಹಾರ ಇಲಾಖೆಯ ಕಚೇರಿಯಲ್ಲಿ ನಿಂತಳು. ಅಲ್ಲಿನ ಇನ್‌ಸ್ಪೆಕ್ಟರ್ ತಿಮ್ಮರಾಯಪ್ಪ ಕೆಟ್ಟವರೇನಲ್ಲ; ಮೇಜಿನ ಮೇಲೆ ಅದೇ ತರಹದ ಅರ್ಜಿಗಳು ಗೇಣುದ್ದ ಬಿದ್ದಿದ್ದವು. ವರಮಾನ ಪ್ರಮಾಣಪತ್ರ ತನ್ನಿ, ಅಫಿಡವಿಟ್ ಮಾಡಿಸಿ, ನಾನೇ ಮನೆಗೆ ಬಂದು ನೋಡಬೇಕು, ಆಮೇಲೆ ಫೈಲು ಮೇಲಕ್ಕೆ ಹೋಗುತ್ತದೆ ಎಂದರು.

"ಎಷ್ಟು ದಿನ ಸಾರ್? ಇವರಿಗೆ ತಿಂಗಳೊಳಗೆ ಆಪರೇಷನ್ ಆಗಬೇಕು."

"ಎರಡು ತಿಂಗಳಾದ್ರೂ ಹಿಡಿಯತ್ತಮ್ಮ. ಸುಳ್ಳು ಹೇಳ್ಲಾ?"

ಅಲ್ಲಿಂದಾಚೆಗೆ ವಿಮಲಾ ನೆಟ್ಟಗೆ ನಿದ್ದೆ ಮಾಡಲಿಲ್ಲ. ಆಸ್ಪತ್ರೆಯ ಮ್ಯಾನೇಜರ್ ಅವಳನ್ನು ಕರೆದು, ಸೀಟಿನಲ್ಲಿ ಇರುವುದಿಲ್ಲವಂತೆ, ದೂರು ಬಂದಿದೆ ಎಂದರು. ನಾಡಕಚೇರಿಯಲ್ಲಿ ಪ್ರಮಾಣಪತ್ರದ ಅರ್ಜಿಯಲ್ಲಿ ಹೆಸರಿನ ಇನಿಷಿಯಲ್ ತಪ್ಪಾಗಿ ಮತ್ತೊಂದು ವಾರ ಹೋಯಿತು. ತಾನೇ ದುಡ್ಡು ಕಟ್ಟಿಬಿಡಲೇ ಎಂದು ಅವಳಿಗೆ ಎಷ್ಟೋ ಸಲ ಅನಿಸಿತು. ನಾಲ್ಕು ವರ್ಷದ ಹಿಂದೆ ಒಬ್ಬರಿಗೆ ಹಾಗೆ ಕಟ್ಟಿದ್ದಳು. ಸುದ್ದಿ ಹಬ್ಬಿ ವಾರದೊಳಗೆ ಹನ್ನೊಂದು ಮಂದಿ ಮೇಜಿನ ಮುಂದೆ ನಿಂತಿದ್ದರು, ಹನ್ನೊಂದು ಮಂದಿಗೂ ಇಲ್ಲವೆಂದು ಹೇಳಬೇಕಾಯಿತು.

ನೀಲಗಂಗಮ್ಮ ಮೇಜಿಗೆ ಬಂದುಹೋದ ಇಪ್ಪತ್ತನಾಲ್ಕನೆಯ ದಿನ ಅವಳ ಮಗಳು ರಮ್ಯ ಫೋನು ಮಾಡಿದಳು. ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಅಳು ತಡೆದುಕೊಂಡು ಮಾತಾಡುತ್ತಿದ್ದಳು. "ಆಂಟಿ, ಅಮ್ಮಂಗೆ ಚಳಿಜ್ವರ. ಗಡಗಡ ನಡುಗ್ತಾ ಇದಾರೆ. ಆಸ್ಪತ್ರೆಗೆ ಬೇಡ, ದುಡ್ಡಿಲ್ಲ ಅಂತಿದಾರೆ."

"ಬೇಡ ಅನ್ನೋಕೆ ಅವರು ಯಾರು? ಆಟೋ ಹತ್ತಿಸು. ಈಗಲೇ!" ಎಂದು ವಿಮಲಾ ಕಿರುಚಿದ್ದು ಔಷಧಿ ಕೌಂಟರಿನ ತನಕ ಕೇಳಿತು.

ಸೋಂಕು ರಕ್ತಕ್ಕೆ ಇಳಿಯುವುದರಲ್ಲಿತ್ತು. ಡಾಕ್ಟರ್ ಶ್ರೀಕರ್ ಪರೀಕ್ಷೆ ಮಾಡಿ ಹೊರಗೆ ಬಂದಾಗ ವಿಮಲಾ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು.

"ಕಲ್ಲು ಈಗ ಮುಟ್ಟೋಕಾಗಲ್ಲ. ಒಳಗೆ ಒಂದು ಸಣ್ಣ ಕೊಳವೆ ಹಾಕಿ ಕೀವು ಇಳಿಸ್ತೀನಿ. ಮೂರು ತಿಂಗಳು ತಡೆಯತ್ತೆ. ನೀವು ಅಷ್ಟರಲ್ಲಿ ಆ ಕಾರ್ಡು ಸರಿ ಮಾಡಿಸಿ."

"ಇದಕ್ಕೂ ಎಪ್ಪತ್ತು ಪಾಲು ಕಟ್ಟಬೇಕಲ್ಲ ಸಾರ್. ಏಳು ಸಾವಿರ."

"ನನ್ನ ಫೀಸು ನನಗೆ ಬೇಡ ಅಂತ ಬರೀತೀನಿ. ಮಿಕ್ಕಿದ್ದು ನನ್ನ ಕೈಲಿಲ್ಲ, ವಿಮಲಾ."

ಮಿಕ್ಕಿದ್ದಕ್ಕೆ, ರಮ್ಯಳಿಂದ ಸುದ್ದಿ ತಿಳಿದು, ನೀಲಗಂಗಮ್ಮ ಕೆಲಸಕ್ಕಿದ್ದ ತಿಂಡಿ ಅಂಗಡಿಯ ಒಡತಿ ಮರಿಯಮ್ಮ ಬಂದರು. ಜರಗನಹಳ್ಳಿಯವರೇ, ಹಿಂದೆ ಹೊಲಗಳಿದ್ದ ಮನೆತನ. ದುಡ್ಡು ಕಟ್ಟಿ ರಶೀದಿಯನ್ನು ವಿಮಲಾಗೆ ಕೊಡುತ್ತ, "ನನ್ನ ಅಂಗಡೀಲಿ ಹದಿನಾಲ್ಕು ವರ್ಷ ಬೆಂಕಿ ಮುಂದೆ ನಿಂತವ್ಳೆ. ನಂಗೊಂದು ಮಾತು ಹೇಳ್ಬಾರ್ದಾ? ಹೇಳಿದ್ರೆ ಕೆಲ್ಸ ಬಿಡಿಸ್ತೀನಿ ಅಂದ್ಕೊಂಡ್ಳಂತೆ" ಎಂದರು. ಸಂಕಟವೋ ಸಿಟ್ಟೋ ಗೊತ್ತಾಗುವಂತಿರಲಿಲ್ಲ.

ಕೊಳವೆ ಹಾಕಿದ ಮೂರನೆಯ ದಿನ ಜ್ವರ ಇಳಿದು ನೀಲಗಂಗಮ್ಮ ಮನೆಗೆ ಹೋದಳು. ತಿಮ್ಮರಾಯಪ್ಪ ಮನೆ ನೋಡಲು ಬಂದಾಗ ನೀಲಗಂಗಮ್ಮ ಚಾಪೆಯ ಮೇಲೆ ಮಲಗಿದ್ದಳು. ಒಂದೇ ಕೋಣೆ, ಬಾಗಿಲ ಬಳಿ ಗ್ರೈಂಡರು. ಅವರು ಅದನ್ನೊಂದು ಗಳಿಗೆ ದಿಟ್ಟಿಸಿ ನೋಡಿ, "ಇದೇ ಏನಮ್ಮ ನಾಲ್ಕು ಎಂಬತ್ತರ ಫ್ಯಾಕ್ಟರಿ?" ಎಂದು ಕೇಳಿ, ಅಲ್ಲೇ ನಿಂತು ವರದಿ ಬರೆದರು. ಆದರೂ ಫೈಲು ಮೇಲೆ ಹೋಗಿ ಬರಲು ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ವಾರವೂ ವಿಮಲಾ ಬೆಳಿಗ್ಗೆ ಮೇಜಿಗೆ ಬಂದ ಕೂಡಲೇ ಬೇರೆ ಏನನ್ನೂ ಮುಟ್ಟುವ ಮುಂಚೆ ಆ ಕಾರ್ಡಿನ ನಂಬರು ಹಾಕಿ ನೋಡುತ್ತಿದ್ದಳು. ಕಾರ್ತಿಕದ ಒಂದು ಬುಧವಾರ ಪರದೆಯ ಮೇಲೆ ಬಿಪಿಎಲ್ ಎಂದು ಬಂತು. ಅವಳು ಎದ್ದು ನಿಂತಳು, ಕೂತಳು, ಮತ್ತೊಮ್ಮೆ ಹಾಕಿ ನೋಡಿದಳು.

ಮರುವಾರ ಕಲ್ಲು ತೆಗೆದರು. ನೀಲಗಂಗಮ್ಮ ಒಂದು ಪೈಸೆ ಕಟ್ಟಲಿಲ್ಲ. ಮೂತ್ರಪಿಂಡ ಉಳಿಯಿತು, ಪೂರ್ತಿಯಾಗಿ ಅಲ್ಲ. ತಡವಾದ ದಿನಗಳು ಅದರ ಅರ್ಧದಷ್ಟನ್ನು ತಿಂದುಹಾಕಿದ್ದವು. ಇನ್ನು ಉಪ್ಪು ಕಡಿಮೆ ಮಾಡಬೇಕು, ಬೆಂಕಿಯ ಮುಂದೆ ದಿನವಿಡೀ ನಿಲ್ಲಬಾರದು ಎಂದು ಡಾಕ್ಟರ್ ಹೇಳಿದರು. ಮರಿಯಮ್ಮ ಅವಳಿಗೆ ಪ್ಯಾಕಿಂಗ್ ಕೆಲಸ ಕೊಟ್ಟರು, ಸಂಬಳ ಸ್ವಲ್ಪ ಕಡಿಮೆ.

ಮನೆಗೆ ಹೊರಡುವ ದಿನ ನೀಲಗಂಗಮ್ಮ ಮೇಜಿನ ಬಳಿ ನಿಂತು ವಿಮಲಾಳ ಕೈ ಹಿಡಿದುಕೊಂಡಳು. ಕೃತಜ್ಞತೆಯ ಮಾತು ಬರುತ್ತದೆಂದು ವಿಮಲಾ ಮುಜುಗರದಲ್ಲಿ ಎದ್ದಳು. ಬಂದದ್ದು ಬೇರೆ.

"ಅಮ್ಮಾ, ಬರ್ತೀನಿ ಅಂತ ಹೋಗಿ ನನ್ನಂಗೇ ಬರ್ದೇ ಇರೋರು ಎಷ್ಟ್ ಜನ ಅವ್ರೆ?"

"ಗೊತ್ತಿಲ್ಲ," ಎಂದಳು ವಿಮಲಾ. ಅದು ಸುಳ್ಳು. ಕಂಪ್ಯೂಟರಿನಲ್ಲಿ ಎಲ್ಲರ ಹೆಸರೂ ಇತ್ತು, ಫೋನ್ ನಂಬರಿನ ಸಮೇತ.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಅವಳು ಆ ಪಟ್ಟಿ ತೆರೆದಳು. ಆ ವರ್ಷದ್ದೇ ನೂರ ಆರು ಹೆಸರು. ಮೊದಲನೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಎರಡನೆಯದನ್ನು ಒಬ್ಬ ಗಂಡಸು ಎತ್ತಿಕೊಂಡ, ಹುಲಿಗೆವ್ವ ಇದ್ದಾರಾ ಎಂದು ಕೇಳಿದ್ದಕ್ಕೆ, "ಅವ್ವ ದೀಪಾವಳಿಗಿಂತ ಮುಂಚೆನೇ ಹೋಗ್ಬಿಟ್ರು ಮೇಡಂ. ನೀವ್ಯಾರು?" ಎಂದ. ವಿಮಲಾ ತಾನು ಯಾರೆಂದು ಹೇಳಿದಳು. ಅವನು ಬೈಯಲಿಲ್ಲ. ಫೋನು ಇಟ್ಟ.

ಅವಳು ಲಿಫ್ಟಿನ ತನಕ ನಡೆದು ಹೋಗಿ ವಾಪಸು ಬಂದಳು. ಮೂರನೆಯ ನಂಬರು ಒತ್ತಿದಳು. ಸುದ್ದಗುಂಟೆಪಾಳ್ಯದ ದೇವದಾಸ್, ಹರ್ನಿಯಾ, ಜೂನ್ ತಿಂಗಳಲ್ಲಿ ಬಂದು ಹೋದವರು. ಆರು ಸಲ ರಿಂಗಾಯಿತು.

"ಹಲೋ, ಯಾರು?"

"ದೇವದಾಸ್ ಅವರಾ? ನಾನು ಆಸ್ಪತ್ರೆಯಿಂದ ವಿಮಲಾ. ಹೆದ್ರಬೇಡಿ, ದುಡ್ಡಿನ ವಿಷಯ ಅಲ್ಲ. ಒಂದು ಮಾತು ಕೇಳ್ಬೇಕಿತ್ತು, ನಿಮ್ಮ ಹೆಸರಲ್ಲಿ ಯಾರಾದ್ರೂ ಐಟಿ ರಿಟರ್ನ್ ಹಾಕಿದಾರಾ?"